ಚೌಕಳಿ

ನೆಲಮಾಳಿಗೆಯ ಈ ಕೋಣೆಗೆ ಕಿಟಕಿಯಿಲ್ಲ.
ಮೇಲೆ ಹೆದ್ದಾರಿಯಲ್ಲಿ ಟೊಮ್ಯಾಟೊ ಲಾರಿ ಹೋದಾಗ
ಲೋಟದ ನೀರು ಸಣ್ಣಗೆ ನಡುಗುತ್ತದೆ,
ಕೋಲಾರ ಇನ್ನೂ ಅಲ್ಲೇ ಇದೆ ಎಂದು ಗೊತ್ತಾಗುವುದು ಅಷ್ಟರಿಂದ.

ತೆರೆಯ ಮೇಲೆ ಗಂಗುಲಮ್ಮನ ತಲೆ, ಎರಡು ಸಲ.
ಮಂಗಳವಾರದ್ದು ಸಿ.ಟಿ. ಮೂಳೆ ಬೆಳ್ಳಗೆ, ಉಳಿದದ್ದೆಲ್ಲ ಬೂದಿ.
ಅದಕ್ಕೂ ಆರು ದಿನ ಹಿಂದಿನದು ಎಂ.ಆರ್.ಐ.
ಮೂಳೆ ಕಪ್ಪು, ಮಿದುಳು ಮಡಿಕೆ ಮಡಿಕೆ,
ಬಲಗಿವಿಯ ಒಳಗೆ, ನರಕ್ಕೆ ಒರಗಿ,
ಹುಣಸೆಬೀಜದಷ್ಟು ಗಂಟು.
ಗಂಟು ಕಾಣುವುದು ಒಂದರಲ್ಲಿ,
ಕಿರಣದ ಲೆಕ್ಕ ನಡೆಯುವುದು ಇನ್ನೊಂದರಲ್ಲಿ.
ಒಂದರ ಮೇಲೊಂದು ಕೂರಿಸಬೇಕು.
ಯಂತ್ರ ಕೂರಿಸಿದೆ. ಹನ್ನೊಂದು ಸೆಕೆಂಡು.
ಹಸಿರು ಗುರುತು ಹಾಕಿ ಸುಮ್ಮನಾಗಿದೆ.

ಅದನ್ನು ನಂಬದಿರುವುದಕ್ಕೆ ನನಗೆ ಸಂಬಳ.

ಅಪ್ಪ ಪಾಂಡೋಜಿ ಬಂಗಾರಪೇಟೆಯಲ್ಲಿ
ರೈಲ್ವೆ ಗೇಟಿನ ಪಕ್ಕ ಅಂಗಿ ಹೊಲಿಯುತ್ತಿದ್ದ.
ಚೌಕಳಿ ಬಟ್ಟೆ ಬಂದರೆ ಜೇಬಿಗೇ ಅರ್ಧ ಗಂಟೆ.
ಅಂಗಿಯ ಗೆರೆ ಜೇಬಿನೊಳಕ್ಕೆ ಹೊಕ್ಕು
ಆಚೆ ಬದಿಗೆ ಅದೇ ಗೆರೆಯಾಗಿ ಹೊರಬರಬೇಕು.
"ಜೇಬು ಎಲ್ಲೈತೆ ಅಂತ ಗಿರಾಕಿ ತಡಕಬೇಕು ಕಣೋ,
ಕಣ್ಣಿಗೆ ಸಿಗಬಾರದು."

ನಾನೂ ತೆರೆಯನ್ನು ಚೌಕ ಚೌಕ ಮಾಡುತ್ತೇನೆ:
ಒಂದರಲ್ಲಿ ಮಂಗಳವಾರ, ಪಕ್ಕದ್ದರಲ್ಲಿ ಹಿಂದಿನ ಬುಧವಾರ.
ಬುರುಡೆಯ ಅಂಚು ಗೆರೆ ದಾಟುವಾಗ ಮುರಿಯುತ್ತದೆಯೇ?
ಹಣೆಯಲ್ಲಿ ಇಲ್ಲ.
ಕಣ್ಣಗೂಡಿನಲ್ಲಿ ಇಲ್ಲ.
ನೆತ್ತಿ ನುಣುಪು.
ಬಲಗಿವಿಯೊಳಗಿನ ಶಂಖ,
ಎರಡೂವರೆ ಸುತ್ತಿನ ಸುರುಳಿ, ಕಡಲೆಕಾಳಿನಷ್ಟು,
ಒಂದು ಚೌಕದಲ್ಲಿ ಇದ್ದಲ್ಲಿದೆ,
ಇನ್ನೊಂದರಲ್ಲಿ ತನ್ನ ಪಕ್ಕದಲ್ಲಿ ತಾನೇ ಕೂತಿದೆ.

ಅಳೆದೆ. ಮೂರು ಮಿಲಿಮೀಟರ್.
ತಲೆಯಿಡೀ ಸರಾಸರಿ ತೆಗೆದರೆ ಒಂದೂ ಆಗುವುದಿಲ್ಲ.
ಊರೆಲ್ಲ ಉಂಡಿತು ಎನ್ನುವ ಮಾತು ಸರಾಸರಿ;
ಯಾವ ಮನೆಯಲ್ಲಿ ಒಲೆ ಹತ್ತಲಿಲ್ಲ ಎಂದು ಅದು ಹೇಳುವುದಿಲ್ಲ.
ಮೂರು ಮಿಲಿಮೀಟರ್ ಅಂಗಿಯಲ್ಲಾದರೆ ಒಂದು ಹೊಲಿಗೆ.
ಇಲ್ಲಿ, ಗಂಟಿನ ಒಂದು ಅಂಚು ಕಿರಣ ತಪ್ಪಿಸಿಕೊಂಡು
ಆ ಪಾಲನ್ನು ಮಿದುಳಕಾಂಡ ಉಣ್ಣುತ್ತದೆ.

ಶುಕ್ರವಾರವಷ್ಟೇ ಯಂತ್ರವನ್ನು ಪರೀಕ್ಷಿಸಿದ್ದೆ.
ಪ್ಲಾಸ್ಟಿಕ್ ತಲೆಯ ಚಿತ್ರವನ್ನು ಬೇಕೆಂದೇ ಐದು ಮಿಲಿಮೀಟರ್ ತಳ್ಳಿ,
ಎರಡು ಡಿಗ್ರಿ ತಿರುಗಿಸಿ, ಈಗ ಮನೆ ಹುಡುಕು ಎಂದಿದ್ದೆ.
ದಾರಿ ತಪ್ಪದೆ ಬಂದಿತ್ತು.
ಆದರೆ ಪ್ಲಾಸ್ಟಿಕ್ಕಿಗೆ ಕತ್ತು ನೋಯುವುದಿಲ್ಲ.

ಎಂ.ಆರ್.ಐ. ಕೋಣೆಗೆ ಫೋನು ಮಾಡಿದೆ. ನಯಾಜ್ ಎತ್ತಿದ.
"ಆಯಮ್ಮಾನಾ ಸಾರ್? ವಡ್ಡಹಳ್ಳಿ ಮಂಡಿಯವ್ರು.
ಇಪ್ಪತ್ತು ವರ್ಷ ಟೊಮ್ಯಾಟೊ ಬಾಕ್ಸು ಹೊತ್ತವ್ರೆ ತಲೆ ಮೇಲೆ.
ಮಲಗಕ್ಕೇ ಆಗ್ತಿರಲಿಲ್ಲ.
ಟವೆಲ್ ಮಡಚಿ ಕತ್ತಿನ ಕೆಳಗೆ ಕೊಟ್ಟೆ, ಒಂಚೂರು."

ಒಂಚೂರು.
ಕತ್ತು ಬಿಲ್ಲಾಯಿತು, ಗದ್ದ ಮೇಲೆದ್ದಿತು.
ಯಂತ್ರ ಕತ್ತಿನ ಮಾತನ್ನೂ ಕೇಳಿತು, ಬುರುಡೆಯ ಮಾತನ್ನೂ,
ಪಂಚಾಯಿತಿಯ ಹಿರಿಯನ ಹಾಗೆ ಇಬ್ಬರಿಗೂ ಅರ್ಧರ್ಧ ಹಂಚಿತು.

ಬುರುಡೆಯ ಸುತ್ತ ಮಾತ್ರ ಪೆಟ್ಟಿಗೆ ಎಳೆದೆ,
ಕತ್ತನ್ನು ಹೊರಗೆ ಬಿಟ್ಟೆ, ಮತ್ತೆ ಓಡಿಸಿದೆ.
ಶಂಖ ಸೊನ್ನೆ ಪಾಯಿಂಟ್ ಏಳು.
ಕಣ್ಣಿನ ನರ ಸೊನ್ನೆ ಪಾಯಿಂಟ್ ಒಂಬತ್ತು.
ಉಳಿದ ಐದು ಬಿಂದುಗಳೂ ಒಂದರ ಒಳಗೆ.
ಬರೀ ಸೊನ್ನೆ ಬಂದಿದ್ದರೆ ಮೊದಲಿಂದ ಶುರು ಮಾಡುತ್ತಿದ್ದೆ.

ಷರಾ ಬರೆದೆ: "ಕುತ್ತಿಗೆಯ ಭಾಗಕ್ಕೆ ಈ ಜೋಡಣೆ ಸಲ್ಲದು."
ಸಹಿ, ತಾರೀಖು, ವೇಳೆ.

ನಯಾಜನೇ ವಾಪಸು ಫೋನು ಮಾಡಿದ.
"ತಪ್ಪಾಯ್ತಾ ಸಾರ್? ಇನ್ಮೇಲೆ ಇಡಲ್ಲ."
"ಇಡಪ್ಪ. ನೋವು ಅಂದ್ರೆ ಇಡಲೇಬೇಕು.
ಇಟ್ಟಿದ್ದನ್ನ ಫಾರಮ್ಮಿನಲ್ಲಿ ಬರಿ, ಅಷ್ಟೆ."

ಟೀ ಕುಡಿಯಲು ಮೆಟ್ಟಿಲು ಹತ್ತಿದೆ. ಬಿಸಿಲು, ಧೂಳು,
ಕೊಳೆತ ಟೊಮ್ಯಾಟೊದ ಹುಳಿ ವಾಸನೆ.
ಜೇಬಿಗೆ ಕೈ ಹೋಯಿತು, ಚಿಲ್ಲರೆಗೆ.
ರೆಡಿಮೇಡ್ ಅಂಗಿ, ಕೆಂಪು ಚೌಕಳಿ.
ಗೆರೆ ಜೇಬಿನ ಹತ್ತಿರ ಬಂದು
ಒಂದು ಬೆರಳಗಲ ಕೆಳಗೆ ಬಿದ್ದು ಮುಂದೆ ಹೋಗುತ್ತದೆ.
ಅಪ್ಪ ಇದ್ದಿದ್ದರೆ ನಿಂತಲ್ಲೇ ಬಿಚ್ಚಿಸುತ್ತಿದ್ದ.